ಹದಿಮೂರನೆಯ ಮೆಟ್ಟಿಲು

ಸೆವೆರೊ ಬರಿಗಾಲಲ್ಲಿ ಮೆಟ್ಟಿಲು ಹತ್ತುತ್ತ ಬಾಯೊಳಗೇ ಎಣಿಸಿಕೊಂಡ. ಚಿನ್ನ, ಬೆಳ್ಳಿ, ಸಾವು. ಮತ್ತೆ ಚಿನ್ನ, ಬೆಳ್ಳಿ, ಸಾವು. ಎಣಿಸುವ ಅಗತ್ಯವೇನೂ ಇರಲಿಲ್ಲ. ಈ ಮೆಟ್ಟಿಲುಗಳನ್ನು ಮಾಡಿದವನೇ ಅವನು. ಒಂದೊಂದು ಹಲಗೆಯನ್ನೂ ಉಜ್ಜಿ, ಕೂರಿಸಿ, ಮೇಲೆ ನಿಂತು ಕುಣಿದು ನೋಡಿದವನು. ಒಟ್ಟು ಹದಿಮೂರು, ಕೊನೆಯದು ಚಿನ್ನ. ಆದರೂ ಮನೆ ಒಕ್ಕಲಿನ ಬೆಳಿಗ್ಗೆ ಮೆಟ್ಟಿಲು ಎಣಿಸದೆ ಇರುವ ಬಡಗಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಬಾಗಿಲ ಮುಂದಿನ ಕೊನೆಯ ಹಲಗೆಯ ಮೇಲೆ ಅವನ ಕಾಲು ನಿಂತಾಗ ಬಾಯಲ್ಲಿ ಬಂದದ್ದು ಸಾವು.

ಹಲ್ಲುನೋವಿನಿಂದ ನಾಲ್ಕು ದಿನ ಹಾಸಿಗೆ ಹಿಡಿದು ಎದ್ದಿದ್ದ ತಲೆಯಲ್ಲವೇ, ಎಲ್ಲೋ ಒಂದು ತಪ್ಪಿರಬೇಕು ಎಂದುಕೊಂಡು ಕೆಳಗಿಳಿದ. ಈ ಸಲ ಒಂದೊಂದು ಮೆಟ್ಟಿಲನ್ನೂ ಅಂಗೈಯಿಂದ ತಟ್ಟುತ್ತ ಹತ್ತಿದ. ಹನ್ನೆರಡು. ಮತ್ತೆ ಇಳಿದ, ಮತ್ತೆ ಹತ್ತಿದ. ಹನ್ನೆರಡೇ.

ಕೊನೆಯ ಮೆಟ್ಟಿಲಿಗೆ ಬಂದ ಮಾತೇ ಮನೆಗೂ ಬರುತ್ತದೆ ಎಂದರೆ ಓದಿದವರು ನಗುತ್ತಾರೆ. ನಗಲಿ. ಹಾಗೆ ನಗುವ ಮೇಷ್ಟ್ರುಗಳೂ ಡಾಕ್ಟರುಗಳೂ ತಮ್ಮ ಮನೆ ಕಟ್ಟಿಸುವಾಗ ಬಡಗಿಯನ್ನು ಪಕ್ಕಕ್ಕೆ ಕರೆದು, "ಆ ಮೆಟ್ಟಿಲ ಲೆಕ್ಕ ಸ್ವಲ್ಪ ನೋಡ್ಕೊಳಪ್ಪ" ಎಂದು ಪಿಸುಗುಟ್ಟುವುದನ್ನು ಸೆವೆರೊ ನಲವತ್ತು ವರ್ಷದಿಂದ ಕೇಳುತ್ತಲೇ ಬಂದಿದ್ದಾನೆ. ಸಾವಿನ ಮೇಲೆ ಮುಗಿಯುವ ಮೆಟ್ಟಿಲನ್ನು ಹತ್ತಿ ಹೊಸ ಮನೆ ಹೊಕ್ಕವರು ನಮ್ಮ ಊರಿನಲ್ಲಿ ಯಾರೂ ಇಲ್ಲ. ಗೊತ್ತಿದ್ದೂ ಹೊಕ್ಕವರಂತೂ ಇಲ್ಲವೇ ಇಲ್ಲ.

ಕಂಬಗಳ ಮೇಲೆ ನಿಂತ ಈ ಮನೆಗೆ ಅವನು ಯಾವ ಶಾಸ್ತ್ರವನ್ನೂ ಬಿಟ್ಟಿರಲಿಲ್ಲ. ಪ್ರತಿ ಕಂಬದ ಬುಡಕ್ಕೂ ನಾಣ್ಯ ಹಾಕಿದ್ದ, ಬಿಳಿ ಹುಂಜದ ರಕ್ತ ಬಿಟ್ಟಿದ್ದ. ಎರಡು ಬಾಗಿಲು ಎದುರುಬದುರಾಗದಂತೆ ಗೋಡೆಯನ್ನೇ ಒಂದು ಮೊಳ ಸರಿಸಿದ್ದ. ಮೆಟ್ಟಿಲ ಬುಡದ ಮರ ಮಳೆನೀರಿಗೆ ಕೊಳೆಯಬಾರದೆಂದು ಮೊದಲನೆಯ ಮೆಟ್ಟಿಲನ್ನು ಮಾತ್ರ ಕಲ್ಲಿನಲ್ಲಿ ಮಾಡಿ, ಉಳಿದ ಹನ್ನೆರಡನ್ನು ಮರದಲ್ಲಿ ಮಾಡಿದ್ದ. ಆ ಕಲ್ಲನ್ನು ಹುಡುಕಿಕೊಂಡು ಈಗ ಅವನ ಕಣ್ಣು ಕೆಳಗಿಳಿಯಿತು.

ಕಲ್ಲು ಇರಲಿಲ್ಲ. ಅದು ಇದ್ದ ಜಾಗದಲ್ಲಿ ಬೂದುಬಣ್ಣದ ಸಿಮೆಂಟು ನುಣ್ಣಗೆ ಹರಡಿಕೊಂಡಿತ್ತು. ಬೇಲಿಯ ಬಾಗಿಲಿನಿಂದ ಮೆಟ್ಟಿಲ ಬುಡದವರೆಗೆ ಇಡೀ ಅಂಗಳ ಒಂದು ಗೇಣು ಮೇಲೆದ್ದಿತ್ತು. ಹಲ್ಲುನೋವಿನಲ್ಲಿ ಅವನು ನರಳುತ್ತ ಮಲಗಿದ್ದ ನಾಲ್ಕು ದಿನಗಳಲ್ಲಿ ಯಾರೋ ಜಲ್ಲಿ ಸುರಿದು, ಸಿಮೆಂಟು ಹಾಕಿ, ಹದಿಮೂರರಲ್ಲಿ ಒಂದನ್ನು ಹೂತುಬಿಟ್ಟಿದ್ದರು. ಯಾರು ಎಂದು ಕೇಳಬೇಕಾಗಿರಲಿಲ್ಲ. ಮೂಲೆಯಲ್ಲಿ ಹಸಿ ಸಿಮೆಂಟಿನ ಮೇಲೆ ಕಡ್ಡಿಯಿಂದ ಬರೆದ ಎರಡು ಹೆಸರಿದ್ದವು: ಆರ್ನೆಲ್, ಜೊವಿ.

ಆರ್ನೆಲ್ ಅವನ ತಂಗಿಯ ಮಗ, ಈ ಮನೆಯ ಯಜಮಾನ. ಜೊವಿ ಆರ್ನೆಲ್‌ನ ಹೆಂಡತಿ, ಏಳು ತಿಂಗಳ ಬಸುರಿ.

ಸೆವೆರೊ ಮೆಟ್ಟಿಲ ಮೇಲೆ ಕೂತ. ಅವನ ಹೆದರಿಕೆ ಸಿಮೆಂಟಿನದ್ದಲ್ಲ, ಪಸೀತಾಳದ್ದು.

ಪಸೀತಾ ಅವನ ಒಬ್ಬಳೇ ತಂಗಿ. ಹನ್ನೊಂದು ವರ್ಷದಿಂದ ಅವಳು ಅವನ ಜೊತೆ ನೇರವಾಗಿ ಮಾತಾಡಿಲ್ಲ. ಎದುರಿಗೆ ಊಟಕ್ಕೆ ಕೂತಿದ್ದರೂ ಮಗನ ಕಡೆ ತಿರುಗಿ, "ಆ ಬಡಗಿಗೆ ಇನ್ನಷ್ಟು ಅನ್ನ ಬೇಕಾ ಕೇಳು" ಎನ್ನುತ್ತಾಳೆ. ಅಣ್ಣ ಹೋಗಿ ಬಡಗಿ ಆದದ್ದು ಅವಳ ಗಂಡ ಪೊನ್ಸೊ ಸತ್ತ ಒಂಬತ್ತನೆಯ ದಿನ. ಅವರ ಹಳೆಯ ಮನೆಯನ್ನೂ ಕಟ್ಟಿದ್ದು ಸೆವೆರೊನೇ. ಒಂದು ಮಳೆಗಾಲದ ಸಂಜೆ ಪೊನ್ಸೊ ಕೊಬ್ಬರಿಯ ಚೀಲ ಹೊತ್ತು ಇಳಿಯುವಾಗ ಜಾರಿ ಬಿದ್ದು, ತಲೆಗೆ ಪೆಟ್ಟಾಗಿ, ಮಾರನೆಯ ದಿನ ತೀರಿಕೊಂಡ. ಒಂಬತ್ತನೆಯ ದಿನದ ಪ್ರಾರ್ಥನೆ ಮುಗಿಸಿ ಬಂದ ಪಸೀತಾ ನೆಂಟರೆಲ್ಲರ ಮುಂದೆ ಆ ಮೆಟ್ಟಿಲುಗಳನ್ನು ಒಂದೊಂದಾಗಿ ತುಳಿದು ಎಣಿಸಿದಳು. ಒಂಬತ್ತು. ಕೊನೆಯದು ಸಾವು. "ನೀನು ಕಟ್ಟಿದ ಮೆಟ್ಟಿಲು ನನ್ನ ಗಂಡನ್ನ ತಿಂತು" ಎಂದಳು. ಅವಳು ಅವನಿಗೆ ನೇರವಾಗಿ ಆಡಿದ ಕೊನೆಯ ಮಾತು ಅದು.

ಸೆವೆರೊ ಕಟ್ಟಿದ್ದು ಹತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲರೂ ಹೋದ ಮೇಲೆ ಮೆಟ್ಟಿಲ ಬುಡದ ಜಲ್ಲಿಯನ್ನು ಕೆದಕಿ ನೋಡಿದ. ಒಂದು ಗೇಣಿನ ಕೆಳಗೆ, ಲೆಕ್ಕದಿಂದ ಕಾಣೆಯಾಗಿದ್ದ ಬುಡದ ಮೆಟ್ಟಿಲು ಕೈಗೆ ಸಿಕ್ಕಿತು. ಅದೇ ವರ್ಷ ಬೇಸಿಗೆಯಲ್ಲಿ ಪೊನ್ಸೊ ಅಂಗಳಕ್ಕೆ ಎರಡು ಗಾಡಿ ಜಲ್ಲಿ ಹೊಡೆಸಿದ್ದ. "ಹೆಂಗಸರ ಕಾಲು ಕೆಸರಾಗಬಾರದು ನೋಡು, ಭಾವ" ಎಂದು ನಕ್ಕಿದ್ದ. ಗಂಡನನ್ನು ಕಳೆದುಕೊಂಡು ಕೂತವಳ ಮುಂದೆ ಹೋಗಿ, ನಿನ್ನ ಗಂಡನೇ ತನ್ನ ಕೈಯಾರೆ ಮೆಟ್ಟಿಲು ಹೂತ ಎಂದು ಹೇಳುವುದು ಹೇಗೆ? ಸೆವೆರೊ ಜಲ್ಲಿಯನ್ನು ಮತ್ತೆ ಮುಚ್ಚಿ ಮನೆಗೆ ಹೋದ. ಅಪವಾದ ನಾಲ್ಕು ದಿನದ್ದು, ದುಃಖ ಆರಿದ ಮೇಲೆ ಅವಳೇ ಸರಿಹೋಗುತ್ತಾಳೆ ಎಂದುಕೊಂಡಿದ್ದ. ಆ ನಾಲ್ಕು ದಿನ ಹನ್ನೊಂದು ವರ್ಷವಾಯಿತು.

ಈ ಮನೆಯ ಕೆಲಸ ಅವನಿಗೆ ಸಿಕ್ಕಿದ್ದು ಆರ್ನೆಲ್‌ನ ಹಟದಿಂದ. ಪಸೀತಾ ಒಪ್ಪಿದ್ದಳು, ಆದರೆ ಒಂದು ಮಾತು ಹೇಳಿಯೇ ಒಪ್ಪಿದ್ದಳು: "ಆ ಬಡಗಿಗೆ ಹೇಳು, ಈ ಸಲ ಲೆಕ್ಕ ತಪ್ಪಿದ್ರೆ ನಾನು ಆ ಮನೆ ಹೊಸ್ತಿಲು ತುಳಿಯಲ್ಲ. ನನ್ನ ಸೊಸೆಗೂ ತುಳಿಯಕ್ಕೆ ಬಿಡಲ್ಲ." ಜೊವಿಯ ಮೊದಲ ಮಗು ಎರಡು ವರ್ಷದ ಹಿಂದೆ ಹೊಟ್ಟೆಯಲ್ಲೇ ಹೋಗಿತ್ತು. ಅದೂ ಆ ಹಳೆಯ ಮೆಟ್ಟಿಲ ಲೆಕ್ಕಕ್ಕೇ ಸೇರಿತ್ತು. ಸೆವೆರೊ ಎಲ್ಲವನ್ನೂ ನುಂಗಿಕೊಂಡು ಕೆಲಸ ಮಾಡಿದ್ದ. ಪಸೀತಾ ಈ ಹದಿಮೂರು ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತು, ಒಂದೇ ಒಂದು ಸಲ ಅಣ್ಣ ಎಂದು ಕರೆದರೆ ಸಾಕಿತ್ತು. ಅರವತ್ತಾರು ವರ್ಷದ ಅವನಿಗೆ ಈ ಭೂಮಿಯ ಮೇಲೆ ಬೇರೇನೂ ಬೇಕಿರಲಿಲ್ಲ.

ಇವತ್ತು ಬಿಟ್ಟರೆ ಬೇರೆ ದಿನವೂ ಇರಲಿಲ್ಲ. ಇವತ್ತು ಹುಣ್ಣಿಮೆ, ನಾಳೆಯಿಂದ ಚಂದ್ರ ಸವೆಯುತ್ತಾನೆ, ಸವೆಯುವ ಚಂದ್ರನಲ್ಲಿ ಮನೆ ಹೊಕ್ಕರೆ ಮನೆಯೂ ಸವೆಯುತ್ತದೆ. ಹಳೆಯ ಮನೆಯ ತಗಡುಗಳನ್ನು ಬಿಚ್ಚಿ ಹೊಸ ಮನೆಯ ಅಡುಗೆಕೋಣೆಗೆ ಹೊದಿಸಿಯಾಗಿತ್ತು, ಅಲ್ಲಿ ಇನ್ನೊಂದು ರಾತ್ರಿ ಕಳೆಯುವಂತಿರಲಿಲ್ಲ. ಏಳು ಗಂಟೆಗೆ ಚರ್ಚಿನ ಗಂಟೆ ಹೊಡೆದ ಕೂಡಲೇ ಪಸೀತಾ ಅಕ್ಕಿ ಉಪ್ಪು ಹಿಡಿದು ಹಳೆಯ ಮನೆಯಿಂದ ಹೊರಡುತ್ತಾಳೆ. ಸೆವೆರೊ ಸೂರ್ಯನನ್ನು ನೋಡಿದ. ಇನ್ನು ಅರ್ಧ ಗಂಟೆ ಇರಬಹುದು.

ಅರ್ಧ ಗಂಟೆ ಒಬ್ಬ ಒಳ್ಳೆ ಬಡಗಿಗೆ ಸಾಕು. ಸಿಮೆಂಟು ಒಡೆಯಲು ಸಾಲದು, ಆದರೆ ಒಂದು ಗಿಡ್ಡ ಮೆಟ್ಟಿಲನ್ನು ಬುಡಕ್ಕೆ ಸೇರಿಸಿ, ಎರಡು ಪಕ್ಕದ ತೊಲೆಗಳಿಗೂ ಮೊಳೆ ಹೊಡೆದು ಬಿಗಿಯಲು ಧಾರಾಳ ಸಾಕು. ಅಡುಗೆಕೋಣೆಯ ಹಿಂದೆ ಎರಡು ದಪ್ಪ ಹಲಗೆ ಉಳಿದಿದ್ದವು. ಅವನು ಅವನ್ನು ತಂದ, ಕೆಳಗೆ ಅಡ್ಡಪಟ್ಟಿ ಇಟ್ಟು ಅಳತೆ ನೋಡಿದ, ಚೀಲದಿಂದ ಸುತ್ತಿಗೆ ತೆಗೆದ. ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡ.

ಅಷ್ಟರಲ್ಲಿ ಬೇಲಿಯಾಚೆ, ಬೈಕಿಗೆ ಪಕ್ಕದಲ್ಲಿ ಕೂರುವ ಗಾಡಿ ಜೋಡಿಸಿದ ಟ್ರೈಸಿಕಲ್ ಬಂದು ನಿಂತಿತು. ಆರ್ನೆಲ್ ಹೆಂಡತಿಯ ಕೈಹಿಡಿದು ಇಳಿಸುತ್ತಿದ್ದ.

ಸೆವೆರೊ ಮೊಳೆಗಳನ್ನು ಅಂಗೈಗೆ ಉಗಿದು ಜೇಬಿಗಿಳಿಸಿದ.

"ಹೆಂಗಿದೆ ಮಾವ ಅಂಗಳ?" ಆರ್ನೆಲ್ ಸಿಮೆಂಟಿನ ಮೇಲೆ ಕಾಲು ಕುಟ್ಟಿ ತೋರಿಸಿದ. "ಮೂರು ದಿನ ನಾನೊಬ್ನೇ ಬಿದ್ದು ಮಾಡಿದೀನಿ. ನೀವು ಬೈತೀರ ಅಂತ ಹೇಳಲಿಲ್ಲ."

"ಚೆನ್ನಾಗಿದೆ" ಎಂದ ಸೆವೆರೊ.

"ಅಷ್ಟೇನಾ? ಮುಖ ನೋಡಿದ್ರೆ ನಾನೇನೋ ಕದ್ದಿದೀನಿ ಅನ್ನೋ ಹಂಗಿದೆ."

"ಹಲ್ಲುನೋವು ಕಣೋ. ಇವಳನ್ನ ಯಾಕೆ ಇಷ್ಟು ಬೇಗ ಕರ್ಕೊಂಡು ಬಂದೆ? ಮೆರವಣಿಗೆ ಜೊತೆ ಬರಬೇಕಿತ್ತಲ್ಲ."

"ಅಷ್ಟು ದೂರ ನಡೆಸಬೇಡಿ ಅಂತ ಸೂಲಗಿತ್ತಿ ಹೇಳಿದಾಳೆ. ಅಮ್ಮ ಬರೋವರೆಗೂ ಇಲ್ಲೇ ಕೂತಿರ್ತಾಳೆ, ಹೊಸ್ತಿಲು ಮಾತ್ರ ದಾಟಲ್ಲ."

ಜೊವಿ ನಿಧಾನವಾಗಿ ನಡೆದು ಬಂದು, ಎತ್ತರದ ಕಂಬಗಳ ನಡುವೆ ಮನೆಯಡಿಯ ನೆರಳಿನಲ್ಲಿ ಹಾಕಿದ್ದ ಬೆಂಚಿನ ಮೇಲೆ ಕೂತಳು. ಮೆಟ್ಟಿಲಿಗೂ ಅವಳಿಗೂ ನಾಲ್ಕು ಹೆಜ್ಜೆ. ಬಸುರಿ ಇರುವ ಮನೆಯಲ್ಲಿ ಮೊಳೆ ಹೊಡೆದರೆ ಮಗು ಒಳಗೇ ಕಚ್ಚಿಕೊಳ್ಳುತ್ತದೆ, ಹೆರಿಗೆ ಆಗುವುದಿಲ್ಲ. ಇದಕ್ಕೆ ಹೆದರಿಯೇ ಮನೆ ಕಟ್ಟುವಷ್ಟೂ ದಿನ ಅವಳನ್ನು ತವರಿನಲ್ಲಿ ಇಟ್ಟಿದ್ದರು. ಈಗ ಅವಳ ತಲೆಯ ಮೇಲೆಯೇ ಸೆವೆರೊ ಸುತ್ತಿಗೆ ಎತ್ತುವಂತಿರಲಿಲ್ಲ.

"ಪಕ್ಕದ ಮನೆಗೆ ಹೋಗಿ ಕೂತ್ಕೊಳಮ್ಮ" ಎಂದ. "ಇಲ್ಲಿ ಸೊಳ್ಳೆ."

"ಅಯ್ಯೋ ಬೇಡಪ್ಪ" ಎಂದಳು ಜೊವಿ. "ಹೊಸ ಮನೆಗೆ ಹೊರಟವರು ನಡುವೆ ಇನ್ನೊಬ್ಬರ ಮನೆ ಹೊಕ್ಕರೆ ಅದೃಷ್ಟ ಅಲ್ಲೇ ಇಳಿದುಬಿಡುತ್ತಂತೆ. ಅತ್ತೆ ನಂಗೆ ಮೂರು ಸಲ ಹೇಳಿದಾರೆ. ನಿಮಗೆ ಗೊತ್ತಿಲ್ವಾ? ಒಂದು ಕೆನ್ನೆಲಿ ಬನ್ನು ಇಟ್ಕೊಂಡಂಗೆ ಕಾಣ್ತಿದೀರ ಮಾವ, ನೀವೇ ಬಂದು ಕೂತ್ಕೊಳಿ."

ಆರ್ನೆಲ್ ನಕ್ಕ. ಅಂಟಕ್ಕಿ ಕಡುಬಿನ ಬುಟ್ಟಿ ತರಲು ಟ್ರೈಸಿಕಲ್ ಕಡೆ ಹೋದ. ಅವನು ಆಚೆ ಹೋದದ್ದೇ ಜೊವಿಯ ಮುಖದ ನಗು ಇಳಿಯಿತು. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ತಗ್ಗಿದ ದನಿಯಲ್ಲಿ ಕೇಳಿದಳು.

"ಮಾವ, ನಿಜ ಹೇಳಿ. ಕೊನೇದು ಚಿನ್ನಾನೇ ತಾನೆ?"

"ಚಿನ್ನಾನೇ."

"ನೀವು ಎಣಿಸಿದ್ರಾ?"

"ಈಗಷ್ಟೇ ಎಣಿಸಿದೆ."

"ನಂಗೆ ಇದರಲ್ಲೆಲ್ಲ ನಂಬಿಕೆ ಇಲ್ಲ" ಎಂದಳು ಜೊವಿ. "ಆದ್ರೂ ರಾತ್ರಿ ನಿದ್ದೆ ಬರಲ್ಲ." ಆಮೇಲೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ಸೆವೆರೊನ ಕೆನ್ನೆ ಪಟಪಟ ಹೊಡೆದುಕೊಂಡಿತು. ಬಸುರಿಗೆ ಸುಳ್ಳು ಹೇಳಿದ್ದ. ಇನ್ನು ಅದನ್ನು ನಿಜ ಮಾಡದೆ ಗತಿಯಿರಲಿಲ್ಲ.

ಆರ್ನೆಲ್‌ನನ್ನು ಪಕ್ಕಕ್ಕೆ ಕರೆದು ಹೇಳಿಬಿಡಲೇ ಎಂದು ಒಂದು ಸಲ ಅನ್ನಿಸಿತು. ಹುಡುಗ ಬುಟ್ಟಿ ಹೊತ್ತು ಶಿಳ್ಳೆ ಹಾಕುತ್ತ ಬರುತ್ತಿದ್ದ, ಚಪ್ಪಲಿಗೆ ಇನ್ನೂ ಸಿಮೆಂಟು ಮೆತ್ತಿಕೊಂಡಿತ್ತು. ಅವನಿಗೆ ಹೇಳಿದರೆ ಅವನ ಮುಖ ಹೇಳುತ್ತದೆ, ಮುಖ ನೋಡಿ ಪಸೀತಾ ತಿಳಿಯುತ್ತಾಳೆ. ನಾಳೆ ಆ ಹೊಟ್ಟೆಗೆ ಏನಾದರೂ ಹೆಚ್ಚುಕಡಿಮೆಯಾದರೆ, ತಾಯಿ ಮಗನ ಕಡೆಗೇ ಬೆರಳು ತೋರಿಸುತ್ತಾಳೆ. ಬೆರಳು ತೋರಿಸಿಕೊಂಡು ಬದುಕುವುದು ಏನೆಂದು ಸೆವೆರೊನಿಗೆ ಗೊತ್ತಿತ್ತು. ಅದನ್ನು ಈ ಹುಡುಗನಿಗೆ ಕೊಡಲು ಅವನಿಗೆ ಮನಸ್ಸಾಗಲಿಲ್ಲ.

ಮೊಳೆಯಿಲ್ಲದೆ ಆಗುವುದಾದರೆ ಆಗಲಿ ಎಂದು ಅಡ್ಡಪಟ್ಟಿಗಳ ಮೇಲೆ ಎರಡು ಹಲಗೆಯನ್ನು ಜೋಡಿಸಿ, ತೊಲೆಗಳಿಗೆ ಒತ್ತಿ ಇಟ್ಟ. ನೋಡುವುದಕ್ಕೇನೋ ಮೆಟ್ಟಿಲೇ. ಕಾಲಿಟ್ಟು ನೋಡಿದ. ಮಳೆನೀರು ಹರಿದುಹೋಗಲೆಂದು ಆರ್ನೆಲ್ ಸಿಮೆಂಟಿಗೆ ಇಳಿಜಾರು ಕೊಟ್ಟಿದ್ದ. ಇಂಥದ್ದರಲ್ಲಿ ಮಾತ್ರ ಹುಡುಗನಿಗೆ ಬುದ್ಧಿ ಚುರುಕು. ಹಲಗೆ ಒಂದು ಮೂಲೆಯಲ್ಲಿ ಟಕ್ ಎಂದು ಅಲುಗಿತು. ಚೂರು ಮರ ಸಿಗಿದು ಕೆಳಗೆ ತುರುಕಿದ, ಹಗ್ಗ ತಂದು ಒಂದು ಪಕ್ಕ ಕಟ್ಟಿದ. ನಡುವೆ ಕಾಲಿಟ್ಟರೆ ಗಟ್ಟಿ. ಅಂಚಿಗೆ ಕಾಲಿಟ್ಟರೆ ಇನ್ನೊಂದು ಅಂಚು ಮೇಲೇಳುತ್ತಿತ್ತು.

"ಏನು ಮಾವ ಅದು?" ಬುಟ್ಟಿಯನ್ನು ಮಾವಿನಮರದ ಕೆಳಗಿಟ್ಟು ಬಂದ ಆರ್ನೆಲ್ ಬಗ್ಗಿ ನೋಡಿ ಕೇಳಿದ.

"ನಿನ್ನ ಹೆಂಡ್ತಿಗೆ ಮೊದಲ ಹೆಜ್ಜೆ ಎತ್ತರ ಆಗುತ್ತೆ. ಅದಕ್ಕೆ."

"ಅಷ್ಟೆಲ್ಲ ಯೋಚನೆ ಮಾಡ್ತೀರಲ್ಲ" ಎಂದ ಆರ್ನೆಲ್, ಮೆಚ್ಚುಗೆಯಿಂದ. ಸೆವೆರೊನಿಗೆ ಆ ಮೆಚ್ಚುಗೆ ಮೈಮೇಲೆ ಬಿಸಿನೀರು ಬಿದ್ದಂತಾಯಿತು. ಲೆಕ್ಕ ಈಗ ಸರಿಯಾಗಿತ್ತು, ಹದಿಮೂರು, ಚಿನ್ನ. ಆದರೆ ಹೊಟ್ಟೆ ಮುಂದೆ ಬಂದವಳಿಗೆ ತನ್ನ ಕಾಲು ತನಗೆ ಕಾಣುವುದಿಲ್ಲ. ಅವಳು ಅಂಚಿಗೆ ಕಾಲಿಟ್ಟರೆ ಬೀಳುವುದು ಸಿಮೆಂಟಿನ ಮೇಲೆ. ಲೆಕ್ಕದ ಸಾವು ಬರುತ್ತದೋ ಇಲ್ಲವೋ ಯಾರು ಕಂಡಿದ್ದಾರೆ. ಈ ಸಾವನ್ನು ಮಾತ್ರ ಅವನು ತನ್ನ ಕೈಯಿಂದಲೇ ಮಾಡಿ ಇಟ್ಟಿದ್ದ.

ಚರ್ಚಿನ ಗಂಟೆ ಹೊಡೆಯಿತು.

ಹಲಗೆ ತೆಗೆದುಬಿಡಲೇ? ತೆಗೆದರೆ ಹನ್ನೆರಡು. ಪಸೀತಾ ಎಣಿಸುತ್ತಾಳೆ, ಹೊಸ್ತಿಲಲ್ಲೇ ತಿರುಗಿ ನಿಲ್ಲುತ್ತಾಳೆ, ಹನ್ನೊಂದು ವರ್ಷ ಇನ್ನು ಜನ್ಮಪೂರ್ತಿ ಆಗುತ್ತದೆ. ಇಡಲೇ? ಅವನು ಎರಡು ಸಲ ಹಗ್ಗ ಬಿಚ್ಚಿದ, ಎರಡು ಸಲ ಕಟ್ಟಿದ. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಹಾಡು ಕೇಳಿಸಿತು. ಮುಂದೆ ಪಸೀತಾ ಇದ್ದಳು, ಹೊಸ ಬಿಳಿ ಚಪ್ಪಲಿ ಹಾಕಿಕೊಂಡು, ಸೊಂಟದ ಮೇಲೆ ಅಕ್ಕಿಯ ಗಡಿಗೆ, ಬಲಗೈಯಲ್ಲಿ ಉಪ್ಪಿನ ಬಟ್ಟಲು. ಅವಳ ಹಿಂದೆ ಪಾದ್ರಿ, ಬಾಲಯೇಸುವಿನ ಪ್ರತಿಮೆ ಹಿಡಿದ ಹೆಂಗಸರು, ಪನ್ಸಿತ್ ಶಾವಿಗೆಯ ಪಾತ್ರೆ ಹೊತ್ತವರು, ಚಿಲ್ಲರೆ ಎರಚುವುದನ್ನೇ ಕಾಯುತ್ತಿದ್ದ ಮಕ್ಕಳ ಹಿಂಡು.

ಸೆವೆರೊ ಮೆಟ್ಟಿಲ ಪಕ್ಕದಲ್ಲಿ ಮಂಡಿಯೂರಿದ. ಎರಡು ಕೈಯಿಂದಲೂ ಹಲಗೆಯ ಅಂಚನ್ನು ಕೆಳಕ್ಕೆ ಒತ್ತಿ ಹಿಡಿದ. ಇವರೆಲ್ಲ ಹತ್ತಿ ಮುಗಿಯುವವರೆಗೆ ಹಿಡಿದುಕೊಂಡೇ ಇರುವುದು, ಅಷ್ಟೇ. ಬೇರೆ ಯಾವ ಬುದ್ಧಿಯೂ ಅವನಿಗೆ ಓಡಲಿಲ್ಲ.

"ಏನ್ ಸೆವೆರೊ, ಮೆಟ್ಟಿಲು ಓಡಿಹೋಗುತ್ತಾ? ಹಂಗೆ ಹಿಡ್ಕೊಂಡಿದೀಯ" ಎಂದು ಮೆರವಣಿಗೆಯ ಹೆಂಗಸೊಬ್ಬಳು ಕೂಗಿದಳು. ಎಲ್ಲರೂ ನಕ್ಕರು.

"ಏಳಪ್ಪ ಸೆವೆರೊ, ಮೊದಲು ಮನೆಯವರು ಹತ್ತಲಿ" ಎಂದರು ಪಾದ್ರಿ.

"ನಾನು ಇಲ್ಲೇ ಇರ್ತೀನಿ ಫಾದರ್."

ಜೊವಿ ನೆರಳಿನಿಂದ ಎದ್ದು ಬಂದು ಅತ್ತೆಯ ಹಿಂದೆ ನಿಂತಳು. ಯಾರೋ ಅವಳ ಕೈಗೆ ಬಾಲಯೇಸುವನ್ನು ಕೊಟ್ಟರು. ಎರಡೂ ಕೈ ತುಂಬಿತು. ಇನ್ನು ಎಡವಿದರೆ ಏನನ್ನೂ ಹಿಡಿದುಕೊಳ್ಳಲು ಅವಳಿಗೆ ಕೈಯಿರಲಿಲ್ಲ. ಸೆವೆರೊ ಹಲಗೆಯನ್ನು ಇನ್ನಷ್ಟು ಒತ್ತಿದ.

ಪಸೀತಾ ಮೆಟ್ಟಿಲ ಬುಡಕ್ಕೆ ಬಂದಳು. ಅಣ್ಣನ ಕಡೆ ನೋಡಲಿಲ್ಲ. ತುಟಿ ಆಗಲೇ ಅಲುಗುತ್ತಿತ್ತು. ಬಲಗಾಲೆತ್ತಿ ಮೊದಲ ಹಲಗೆಯ ಮೇಲಿಟ್ಟಳು, ಅದೂ ಸರಿಯಾಗಿ ಅಂಚಿಗೆ. "ಚಿನ್ನ" ಎನ್ನುವುದಕ್ಕೂ ಸೆವೆರೊನ ಕೈಯ ಕೆಳಗಿನ ಅಂಚು ಮೇಲೇಳುವುದಕ್ಕೂ ಸರಿಹೋಯಿತು. ಅವನು ಮೈಭಾರವೆಲ್ಲ ಹಾಕಿ ಒತ್ತಿದ. ಹಲಗೆ ಟಕ್ ಎಂದು ಸಿಮೆಂಟಿಗೆ ಕೂತಿತು, ನಡುವೆ ಅವನ ಬೆರಳು ಸಿಕ್ಕಿತು. ಅವನು ಹಲ್ಲು ಕಚ್ಚಿದ.

ಪಸೀತಾ ಕೆಳಗೆ ನೋಡಿದಳು. ಹಲಗೆಯ ಕೆಳಗಿಂದ ರಕ್ತದ ಒಂದು ಗೆರೆ ಹೊಸ ಸಿಮೆಂಟಿನ ಮೇಲೆ ಇಳಿಯುತ್ತಿತ್ತು. ಅವಳ ಕಣ್ಣು ಅವನ ಬೆರಳಿನಿಂದ ಹಗ್ಗಕ್ಕೆ, ಹಗ್ಗದಿಂದ ಸಿಮೆಂಟಿಗೆ, ಸಿಮೆಂಟಿನಿಂದ ಮೇಲಿನ ಮೆಟ್ಟಿಲುಗಳಿಗೆ ಹೋಯಿತು. ಅವಳು ಕಣ್ಣಲ್ಲೇ ಎಣಿಸುತ್ತಿದ್ದಳು. ಇಡೀ ಊರಿಗೆ ಗೊತ್ತು, ಪಸೀತಾ ಎಣಿಸಿದರೆ ತಪ್ಪುವುದಿಲ್ಲ.

ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು. ಹಾಡು ನಿಂತಿತು. ಜೊವಿಯ ಮುಖ ಬಿಳಿಚಿಕೊಂಡದ್ದು ಸೆವೆರೊನಿಗೆ ಕೆಳಗಿನಿಂದಲೇ ಕಾಣಿಸಿತು.

"ನನ್ನ ತಪ್ಪು" ಎಂದ ಅವನು. ಬೇರೆ ಯಾರೂ ಬಾಯಿ ತೆರೆಯುವ ಮೊದಲೇ ಹೇಳಬೇಕಾಗಿತ್ತು. "ಲೆಕ್ಕ ತಪ್ಪಿದೆ ಪಸೀತಾ. ನಾನೇ ತಪ್ಪಿದೀನಿ. ಹುಡುಗರದ್ದೇನೂ ಇಲ್ಲ."

"ಯಾವ ಲೆಕ್ಕ? ಮಾವ, ಏನು ಹೇಳ್ತಿದೀರ?" ಎಂದ ಆರ್ನೆಲ್.

"ನೀನು ಸುಮ್ನಿರು" ಎಂದ ಸೆವೆರೊ.

ಪಸೀತಾ ಮಗನ ಮುಖ ನೋಡಿದಳು, ಅವನ ಚಪ್ಪಲಿಗೆ ಅಂಟಿದ ಸಿಮೆಂಟನ್ನು ನೋಡಿದಳು. ಆಮೇಲೆ ತನ್ನ ಬಿಳಿ ಚಪ್ಪಲಿಯನ್ನು ನೋಡಿಕೊಂಡಳು. ಅಲ್ಲಿ ಒಂದು ಚುಕ್ಕೆ ಕೆಸರೂ ಇರಲಿಲ್ಲ. ಅವಳು ಅಷ್ಟು ಹೊತ್ತು ಅದನ್ನೇ ನೋಡುತ್ತ ನಿಂತದ್ದು ಯಾಕೆಂದು ಯಾರಿಗೂ ತಿಳಿಯಲಿಲ್ಲ. ಈಗ ತಿರುಗುತ್ತಾಳೆ, ಈಗ ಹೋಗುತ್ತಾಳೆ ಎಂದು ಸೆವೆರೊ ಕಾದ.

"ಆರ್ನೆಲ್" ಎಂದಳು ಪಸೀತಾ ಕೊನೆಗೆ. "ಜೊವಿನ ಟ್ರೈಸಿಕಲ್‌ನಲ್ಲಿ ಕೂರಿಸ್ಕೊಂಡು ಸೇತುವೆ ಹತ್ತಿರದ ಪ್ರಾರ್ಥನೆ ಮಂಟಪಕ್ಕೆ ಹೋಗು. ಅಲ್ಲಿಗೆ ಇಲ್ಲಿನ ಸದ್ದು ಕೇಳಲ್ಲ. ನಾನು ಹೇಳಿಕಳಿಸೋವರೆಗೂ ಬರಬೇಡಿ."

"ಅತ್ತೆ, ನೀವೇ ಹೇಳಿದ್ರಿ, ನಡುವೆ ಬೇರೆಯವರ ಮನೆ..."

"ದೇವರ ಮನೆ ಬೇರೆಯವರದ್ದು ಹೆಂಗಾಗುತ್ತೆ? ಹೋಗಮ್ಮ. ಹೊಸ್ತಿಲು ದಾಟಿಲ್ವಲ್ಲ, ಇನ್ನೂ ನಿನ್ನ ಮನೆ ಆಗಿಲ್ಲ ಇದು. ಏನೂ ಆಗಲ್ಲ." ಆಮೇಲೆ ಉಳಿದವರ ಕಡೆ ತಿರುಗಿ, "ಫಾದರ್, ನೀವೆಲ್ಲ ಅಲ್ಲಿ ಮಾವಿನಮರದ ಕೆಳಗೆ ಸ್ವಲ್ಪ ಕೂತಿರಿ. ಕಡುಬು ತಿನ್ನಿ. ಮೆಟ್ಟಿಲ ಕೆಲಸ ಚೂರು ಬಾಕಿ ಇದೆ" ಎಂದಳು.

ಟ್ರೈಸಿಕಲ್‌ನ ಸದ್ದು ತಿರುವಿನಾಚೆ ಕರಗುವವರೆಗೂ ಅವಳು ನಿಂತೇ ಇದ್ದಳು. ಆಮೇಲೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಮುಖಕ್ಕೆ ಮುಖ ಕೊಟ್ಟಳು.

"ಸುತ್ತಿಗೆ ಎಲ್ಲಿದೆ, ಅಣ್ಣ?"

ಸೆವೆರೊನ ಎರಡು ಕೈಯೂ ಇನ್ನೂ ಹಲಗೆಯ ಮೇಲೇ ಇತ್ತು. ಚೀಲದ ಕಡೆ ಗಲ್ಲ ತೋರಿಸಿದ.

"ಹಿಡ್ಕೊಂಡೇ ಎಷ್ಟು ದಿನ ಕೂತಿರ್ತೀಯ? ಕೈ ತೆಗಿ" ಎಂದಳು. ಒಮ್ಮೆ ಹೊರಟ ಅಕ್ಕಿ ಉಪ್ಪನ್ನು ಮನೆಯೊಳಗಲ್ಲದೆ ಬೇರೆಲ್ಲೂ ಇಳಿಸುವಂತಿರಲಿಲ್ಲ. ಅವಳು ಗಡಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಬಟ್ಟಲನ್ನು ಕೈಯಲ್ಲೇ ಹಿಡಿದು, ಆ ಅಲುಗುವ ಹಲಗೆಯ ಮೇಲೆ ನಡುಮಧ್ಯೆ ಕೂತುಬಿಟ್ಟಳು. ಅವಳ ಭಾರಕ್ಕೆ ಹಲಗೆ ಮಿಸುಕಲಿಲ್ಲ. "ಹೊಡಿ."

ಅವನು ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಮೊದಲ ಮೊಳೆ ಇಟ್ಟ. ಸುತ್ತಿಗೆಯ ಸದ್ದು ಅಂಗಳದ ತುಂಬ ಕೇಳಿಸಿತು. ಮಾವಿನಮರದ ಕೆಳಗಿನವರು ಇತ್ತ ನೋಡಿ, ಆಮೇಲೆ ಕಡುಬಿನ ಎಲೆ ಬಿಚ್ಚತೊಡಗಿದರು.

"ಆವತ್ತು ಜಲ್ಲಿ ಹೊಡೆಸು ಅಂದಿದ್ದು ನಾನು" ಎಂದಳು ಪಸೀತಾ.

ಸುತ್ತಿಗೆ ನಿಂತಿತು.

"ನಿಲ್ಲಿಸಬೇಡ. ಹೊಡೀತಾ ಇರು. ಅವರಿಗೆ ಕೇಳಬಾರದು." ಅವಳು ಎದುರಿನ ಬೇಲಿಯನ್ನೇ ನೋಡುತ್ತಿದ್ದಳು. "ಮಳೆಗಾಲ ಬಂದರೆ ಕೆಸರು, ಕೆಸರು ಅಂತ ದಿನಾ ಅವರ ತಲೆ ತಿಂತಿದ್ದೆ. ತಡೆಯಕ್ಕಾಗದೆ ಹೊಡೆಸಿದ್ರು. ಮೆಟ್ಟಿಲು ಮುಚ್ಚಿಹೋಯ್ತು ಅಂತ ಎಣಿಸಿದ ದಿನವೇ ನಂಗೆ ಹೊಳೀತು. ಎಣಿಸ್ತಾ ಎಣಿಸ್ತಾನೇ ಹೊಳೀತು ಅಣ್ಣ. ಅಷ್ಟು ಜನ ನೋಡ್ತಾ ನಿಂತಿದ್ರು. ನೀನು ಎದುರಿಗಿದ್ದೆ."

ಸೆವೆರೊ ಹೊಡೆದ. ಮೊಳೆ ಸೊಟ್ಟಗಾಯಿತು. ನಲವತ್ತು ವರ್ಷದಲ್ಲಿ ಅವನ ಮೊಳೆ ಸೊಟ್ಟಗಾದದ್ದು ಬಹಳ ಕಮ್ಮಿ. ಅದನ್ನು ಕಿತ್ತು ಇನ್ನೊಂದನ್ನು ಇಟ್ಟ.

"ಈ ಸಿಮೆಂಟೂ ನಾನೇ. ಒಕ್ಕಲಿನ ದಿನ ಕೆಸರುಕಾಲಲ್ಲಿ ಯಾರೂ ಒಳಗೆ ಬರಬಾರದು ಅಂತ ಆರ್ನೆಲ್‌ನ ಬೆನ್ನು ಹತ್ತಿದ್ದೆ. ಈಗ ಮೆಟ್ಟಿಲ ಹತ್ತಿರ ಬರೋವರೆಗೂ ತಲೆಗೇ ಬರಲಿಲ್ಲ ನೋಡು." ಅವಳು ಅವನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ ಆವತ್ತು?"

"ಪೊನ್ಸೊ ಹೊಡೆಸಿದ್ದ ಅಂತ ಗೊತ್ತಿತ್ತು. ನೀನು ಹೇಳಿದ್ದು ಅಂತ ಗೊತ್ತಿರಲಿಲ್ಲ."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಇಷ್ಟು ವರ್ಷ?"

"ಸತ್ತವನ ಮೇಲೆ ಹೆಂಗೆ ಹಾಕಲಿ?"

"ನಾನು ಬದುಕಿದ್ದವನ ಮೇಲೆ ಹಾಕಿದೆ" ಎಂದಳು ಪಸೀತಾ.

ಅವನಿಗೆ ಸಿಟ್ಟು ಬರಬೇಕಾಗಿತ್ತು, ಬಂತು ಕೂಡ. ಹನ್ನೊಂದು ವರ್ಷದ ಊಟಗಳು, ಹನ್ನೊಂದು ವರ್ಷದ "ಆ ಬಡಗಿ" ಒಟ್ಟಿಗೇ ನೆನಪಾದವು. ಅವನು ಆ ಸಿಟ್ಟನ್ನೆಲ್ಲ ಮೂರನೆಯ ಮೊಳೆಯ ಮೇಲೆ ಹಾಕಿದ. ನಾಲ್ಕನೆಯದಕ್ಕೆ ಬರುವಾಗ ಕಣ್ಣು ಮಂಜಾಗಿ ಮೊಳೆಯ ತಲೆ ಸರಿಯಾಗಿ ಕಾಣದೆ, ತೋಳಿನಿಂದ ಒರೆಸಿಕೊಂಡ. ಪಸೀತಾ ಮುಖ ತಿರುಗಿಸಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಅವಳ ಕೈ ಖಾಲಿಯಿರಲಿಲ್ಲ.

ಕೊನೆಯ ಮೊಳೆ ಕೂತ ಮೇಲೆ ಅವಳು ಎದ್ದಳು. ಅವನು ಹಲಗೆಯ ನಾಲ್ಕು ಮೂಲೆಗೂ ಕಾಲಿಟ್ಟು ಮೈಭಾರ ಹಾಕಿ ನೋಡಿದ. ಯಾವ ಮೂಲೆಯೂ ಅಲುಗಲಿಲ್ಲ.

"ಆರ್ನೆಲ್‌ಗೆ ಗೊತ್ತಾಗಬಾರದು" ಎಂದ.

"ನಾನೇ ಹೇಳ್ತೀನಿ" ಎಂದಳು ಅವಳು. "ಸಿಮೆಂಟು ಹಾಕ್ಸಿದ್ದು ನಾನು, ಸರಿಮಾಡಿದ್ದು ನನ್ನಣ್ಣ ಅಂತ ಎಲ್ಲರ ಮುಂದೆ ಹೇಳ್ತೀನಿ. ಜಲ್ಲಿ ವಿಷಯಾನೂ ಹೇಳ್ತೀನಿ. ಇನ್ನು ಇದನ್ನ ಹೊತ್ಕೊಂಡಿರಕ್ಕಾಗಲ್ಲ ನಂಗೆ."

ಮಾವಿನಮರದ ಕೆಳಗಿನಿಂದ ಪಾದ್ರಿ ಎದ್ದು ನಿಂತರು. ಜೊವಿಯನ್ನು ಕರೆತರಲು ಯಾರೋ ಸೈಕಲ್ ಹತ್ತಿ ಸೇತುವೆಯ ಕಡೆಗೆ ಹೊರಟರು. ಪಸೀತಾ ಗಡಿಗೆಯನ್ನು ಸೊಂಟಕ್ಕೇರಿಸಿ, ಉಪ್ಪಿನ ಬಟ್ಟಲನ್ನು ಅವನ ಕಡೆ ಚಾಚಿದಳು.

"ಇದನ್ನ ನೀನು ಹಿಡ್ಕೊ. ಒಬ್ಬಳೇ ಎರಡೂ ಹೊತ್ತು ಹತ್ತೋವಾಗ ಚೆಲ್ಲಿದ್ರೆ ಕಷ್ಟ."

ಅಣ್ಣ ತಂಗಿ ಒಟ್ಟಿಗೇ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಅವಳು ಈ ಸಲ ಗಟ್ಟಿಯಾಗಿಯೇ ಎಣಿಸಿದಳು, ಅಂಗಳದಲ್ಲಿದ್ದವರಿಗೆಲ್ಲ ಕೇಳುವಂತೆ. ಚಿನ್ನ, ಬೆಳ್ಳಿ, ಸಾವು. ಒಂಬತ್ತನೆಯದಕ್ಕೆ ಬಂದಾಗ ಅವಳ ಕಾಲು ಅರೆಗಳಿಗೆ ತಡೆಯಿತು. ಅವನು ಕಾದ. ಆಮೇಲೆ ಇಬ್ಬರೂ ಉಳಿದ ನಾಲ್ಕನ್ನು ಹತ್ತಿದರು. ಕರವಸ್ತ್ರ ಎಲ್ಲೋ ಜಾರಿಹೋಗಿ, ಅವನ ಬೆರಳಿನ ಗಾಯಕ್ಕೆ ಬಟ್ಟಲಿನ ಉಪ್ಪು ತಾಗಿ ಚುರುಗುಟ್ಟುತ್ತಿತ್ತು. ಹೊಸ್ತಿಲು ದಾಟುವವರೆಗೂ ಅವನು ಬಟ್ಟಲನ್ನು ಇನ್ನೊಂದು ಕೈಗೆ ಬದಲಾಯಿಸಲಿಲ್ಲ.